ದೊಡ್ಡವರಾದ ಮೇಲೆ ಸೈಕಲ್ ಕಲಿಯಬೇಕಾ? ಮೊದಲು ಪೆಡಲ್ ಬಿಚ್ಚಿಡಿ

ನಾನು ಸೈಕಲ್ ಕಲಿತಿದ್ದು 39ನೇ ವಯಸ್ಸಿನಲ್ಲಿ. ಚಿಕ್ಕಂದಿನಲ್ಲಿ ಕಲಿಯದೇ ಉಳಿಯಲು ದೊಡ್ಡ ಕಾರಣ ಏನೂ ಇರಲಿಲ್ಲ. ಮನೆಯಲ್ಲಿ ಸೈಕಲ್ ಇರಲಿಲ್ಲ, ಆಮೇಲೆ ಇನ್ನು ವಯಸ್ಸು ಮೀರಿತು ಅಂದುಕೊಂಡೆ, ಅಷ್ಟೇ. ಕೊನೆಗೂ ಮನಸ್ಸು ಮಾಡಿದಾಗ ಗೊತ್ತಿದ್ದವರೊಬ್ಬರು ಸೀಟು ಹಿಡಿದುಕೊಂಡು ನನ್ನ ಹಿಂದೆ ಓಡಿ ಬಂದರು, "ತುಳಿ, ತುಳಿ, ಮುಂದೆ ನೋಡು" ಅಂದರು, ನಡುವೆ ಹೇಳದೆ ಕೈ ಬಿಟ್ಟರು. ನಾನು ಬಿದ್ದೆ. ಮೊಣಕೈ ತರಚಿತು. ಗಾಯ ನಾಲ್ಕು ದಿನದಲ್ಲಿ ಒಣಗಿತು, ಆದರೆ ಆರು ತಿಂಗಳು ನಾನು ಸೈಕಲ್ ಮುಟ್ಟಲಿಲ್ಲ.

ಎರಡನೇ ಸಲ ಬೇರೆ ದಾರಿ ಹಿಡಿದೆ. ಪೆಡಲ್ ಎರಡನ್ನೂ ಬಿಚ್ಚಿಟ್ಟೆ, ಸೀಟು ತೀರಾ ಕೆಳಗಿಳಿಸಿದೆ, ಯಾರನ್ನೂ ಹಿಡಿಯಲು ಕರೆಯಲಿಲ್ಲ. ಐದನೇ ದಿನ ಸೈಕಲ್ ಓಡಿಸಿದೆ. ಆಮೇಲೆ ಹೀಗೇ ನಾಲ್ಕೈದು ಜನರಿಗೆ ಕಲಿಸಿದ್ದೇನೆ, ಅವರಲ್ಲಿ ಒಬ್ಬರಿಗೆ 61 ವರ್ಷ. ಅದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಪೆಡಲ್ ಯಾಕೆ ಬಿಚ್ಚಬೇಕು?

ಸೈಕಲ್ ಓಡಿಸುವುದು ಒಂದೇ ವಿದ್ಯೆ ಅಲ್ಲ. ಬ್ಯಾಲೆನ್ಸ್ ಒಂದು, ತುಳಿಯುವುದು ಇನ್ನೊಂದು. ತುಳಿಯುವುದನ್ನು ಹತ್ತು ನಿಮಿಷದಲ್ಲಿ ಯಾರು ಬೇಕಾದರೂ ಕಲಿಯುತ್ತಾರೆ. ಕಷ್ಟ ಇರುವುದೆಲ್ಲ ಬ್ಯಾಲೆನ್ಸಿನಲ್ಲೇ. ಎರಡನ್ನೂ ಒಟ್ಟಿಗೆ ಕಲಿಯಲು ಹೋದರೆ ಕಣ್ಣು ಪೆಡಲ್ ಹುಡುಕುತ್ತದೆ, ಕಾಲು ತುಳಿಯುವ ಗಡಿಬಿಡಿಯಲ್ಲಿರುತ್ತದೆ, ಅಷ್ಟರಲ್ಲಿ ಸೈಕಲ್ ಜೋಲಿ ಹೊಡೆಯುತ್ತದೆ. ಪೆಡಲ್ ಇಲ್ಲದಿದ್ದರೆ ಎರಡು ಕಾಲೂ ನೆಲದ ಹತ್ತಿರವೇ ಇರುತ್ತವೆ. ಆಯ ತಪ್ಪಿತು ಅನಿಸಿದ ಕೂಡಲೇ ಕಾಲೂರಬಹುದು. ಬೀಳುವ ಭಯ ಹೋದರೆ ಅರ್ಧ ಕೆಲಸ ಮುಗಿದಂತೆ, ಯಾಕೆಂದರೆ ದೊಡ್ಡವರಿಗೆ ಅಡ್ಡ ಬರುವುದು ಮೈಯಲ್ಲ, ಭಯ.

ಇದು ಹೊಸ ಉಪಾಯ ಏನಲ್ಲ. ಸೈಕಲ್ಲಿನ ಪೂರ್ವಜ ಇದ್ದದ್ದೇ ಹೀಗೆ. 1817ರಲ್ಲಿ ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಓಡಿಸಿ ತೋರಿಸಿದ ಎರಡು ಚಕ್ರದ ಗಾಡಿಗೆ ಪೆಡಲ್ ಇರಲೇ ಇಲ್ಲ. ಕೂತು ಕಾಲಿನಿಂದ ನೆಲ ತಳ್ಳಿಕೊಂಡು ಹೋಗುವುದು, ವೇಗ ಬಂದಾಗ ಕಾಲೆತ್ತುವುದು. ಪೆಡಲ್ ಇದ್ದ ಗಾಡಿಗಳು ಬಳಕೆಗೆ ಬಂದದ್ದು 1860ರ ದಶಕದಲ್ಲಿ. ಅಂದರೆ ಜನ ಮೊದಲು ಎರಡು ಚಕ್ರದ ಮೇಲೆ ನಿಲ್ಲುವುದನ್ನು ಕಲಿತರು, ತುಳಿಯುವುದು ಎಷ್ಟೋ ವರ್ಷದ ನಂತರ ಬಂತು. ನೀವೂ ಅದೇ ಕ್ರಮದಲ್ಲಿ ಕಲಿಯಿರಿ.

ಸೈಕಲ್ ಯಾಕೆ ಬೀಳುವುದಿಲ್ಲ ಅಂತ ಒಮ್ಮೆ ತಿಳಿದುಕೊಂಡರೆ ತುಂಬಾ ಉಪಯೋಗ ಆಗುತ್ತದೆ. ಅಂಗೈ ಮೇಲೆ ಕೋಲು ನಿಲ್ಲಿಸುವ ಆಟ ಆಡಿದ್ದೀರಲ್ವಾ? ಕೋಲು ಯಾವ ಕಡೆ ವಾಲುತ್ತದೋ ಅದೇ ಕಡೆಗೆ ಕೈ ಸರಿಸುತ್ತೇವೆ. ಸೈಕಲ್ಲೂ ಹಾಗೇ. ಎಡಕ್ಕೆ ವಾಲಿದರೆ ಹ್ಯಾಂಡಲನ್ನು ಎಡಕ್ಕೇ ಚೂರು ತಿರುಗಿಸಬೇಕು, ಆಗ ಚಕ್ರಗಳು ಬಂದು ನಿಮ್ಮ ಭಾರದ ಕೆಳಗೆ ನಿಲ್ಲುತ್ತವೆ. ಹೆದರಿದವರು ಇದಕ್ಕೆ ಸರಿಯಾಗಿ ಉಲ್ಟಾ ಮಾಡುತ್ತಾರೆ. ಎಡಕ್ಕೆ ವಾಲಿದ ಕೂಡಲೇ ಹ್ಯಾಂಡಲನ್ನು ಬಲಕ್ಕೆ ಎಳೆಯುತ್ತಾರೆ, ಬಿದ್ದೇ ಬೀಳುತ್ತಾರೆ. ನಾನು ಬಿದ್ದದ್ದೂ ಹಾಗೇ. ಆದ್ದರಿಂದ ಒಂದೇ ಮಾತು ನೆನಪಿಡಿ: ಬೀಳುವ ಕಡೆಗೇ ತಿರುಗಿಸಿ. ಮೊದಲ ಎರಡು ದಿನ ಇದನ್ನು ಬಾಯಿಬಿಟ್ಟು ಹೇಳಿಕೊಳ್ಳಿ. ಮೂರನೇ ದಿನಕ್ಕೆ ಕೈ ತಾನಾಗೇ ಮಾಡಲು ಶುರು ಮಾಡುತ್ತದೆ.

ಇನ್ನೊಂದು ಸಂಗತಿ. ಒಂದಷ್ಟು ವೇಗ ಬಂದ ಮೇಲೆ ಸೈಕಲ್ ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತದೆ, ಸವಾರ ಇಲ್ಲದಿದ್ದರೂ ಸರಿ. ಖಾಲಿ ಸೈಕಲನ್ನು ಜೋರಾಗಿ ತಳ್ಳಿ ಬಿಟ್ಟರೆ ಸ್ವಲ್ಪ ದೂರ ನೆಟ್ಟಗೆ ಹೋಗುವುದನ್ನು ನೋಡಿರಬಹುದು. ತಿರುಗುವ ಚಕ್ರದ ಬಲದಿಂದ ಹೀಗಾಗುತ್ತದೆ ಅಂತ ಬಹಳ ಜನ ನಂಬಿದ್ದರು. ಆದರೆ 2011ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಸಂಶೋಧನೆಯಲ್ಲಿ ಆ ಬಲ ಕೆಲಸ ಮಾಡದ ಹಾಗೆ ಒಂದು ಸೈಕಲ್ ಕಟ್ಟಿದರು, ಅದೂ ಬೀಳದೆ ಓಡಿತು. ಅದು ಕೂಡ ವಾಲಿದ ಕಡೆಗೇ ಹ್ಯಾಂಡಲ್ ತಿರುಗಿಸಿಕೊಂಡಿತು. ನಮಗೆ ಇದರಿಂದ ಸಿಗುವ ಪಾಠ ಏನೆಂದರೆ, ಹ್ಯಾಂಡಲನ್ನು ಬಿಗಿಯಾಗಿ ಹಿಡಿಯಬಾರದು. ಹಿಡಿತ ಬಿಗಿಯಾದಷ್ಟೂ ಸೈಕಲ್ ತಾನು ಮಾಡಬೇಕಾದ ಕೆಲಸವನ್ನು ನೀವೇ ತಡೆದಂತೆ. ಹಕ್ಕಿಮರಿ ಹಿಡಿದಷ್ಟು ಮೆತ್ತಗೆ ಹಿಡಿಯಿರಿ.

ಎಂಥ ಸೈಕಲ್?

ಹೊಸದು ಕೊಳ್ಳಬೇಡಿ. ಯಾರದ್ದಾದರೂ ಕೇಳಿ ತನ್ನಿ. ನಿಮ್ಮ ಎತ್ತರಕ್ಕೆ ಒಂದು ಅಳತೆ ಚಿಕ್ಕದೇ ಇರಲಿ. ಸೀಟಿನ ಮೇಲೆ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಮೊಣಕಾಲು ಸ್ವಲ್ಪ ಮಡಚಿರಬೇಕು. ತುದಿಗಾಲು ಮಾತ್ರ ತಾಗುತ್ತದೆ ಅಂದರೆ ಆ ಸೈಕಲ್ ಈಗ ಬೇಡ. ನಡುವೆ ಅಡ್ಡ ಬಾರ್ ಇಲ್ಲದ ಸೈಕಲ್ ಸಿಕ್ಕರೆ ಒಳ್ಳೆಯದು, ಅದನ್ನು ಹತ್ತಿ ಇಳಿಯುವುದು ಸುಲಭ. ಹ್ಯಾಂಡಲ್ ನೇರವಾಗಿರಲಿ, ಕೆಳಗೆ ಬಾಗಿದ ರೇಸ್ ಹ್ಯಾಂಡಲ್ ಬೇಡ. ಬ್ಯಾಟರಿ ಸೈಕಲ್ಲಿನಲ್ಲಿ ಕಲಿಯಬೇಡಿ. ಭಾರ ಜಾಸ್ತಿ, ಮೋಟಾರು ತಳ್ಳುವುದು ನಿಮ್ಮ ಹಿಡಿತದಲ್ಲಿ ಇರುವುದಿಲ್ಲ.

ಹಿಂದಿನ ಚಕ್ರಕ್ಕೆ ಎರಡು ಪುಟ್ಟ ಚಕ್ರ ಕಟ್ಟಿಕೊಂಡು ಕಲಿಯೋಣ ಅಂತ ಕೆಲವರು ಕೇಳುತ್ತಾರೆ. ನನ್ನ ಉತ್ತರ ಬೇಡ ಅಂತಲೇ. ಆ ಪುಟ್ಟ ಚಕ್ರ ಇದ್ದರೆ ಸೈಕಲ್ ವಾಲುವುದೇ ಇಲ್ಲ, ವಾಲದಿದ್ದರೆ ವಾಲಿದಾಗ ಏನು ಮಾಡಬೇಕು ಅನ್ನುವುದನ್ನು ಕಲಿಯುವುದು ಹೇಗೆ? ಅವನ್ನು ತೆಗೆದ ದಿನ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಪೆಡಲ್ ಬಿಚ್ಚುವಾಗ ಒಂದು ಎಚ್ಚರಿಕೆ ಬೇಕು. ಬಲಗಡೆ ಪೆಡಲ್ ಸಾಮಾನ್ಯ ಬೋಲ್ಟಿನ ಹಾಗೆ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿದರೆ ಸಡಿಲವಾಗುತ್ತದೆ. ಎಡಗಡೆಯದರ ಮರೆ (ಸ್ಕ್ರೂವಿನ ಸುರುಳಿ ಗೆರೆ) ಉಲ್ಟಾ, ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಬೇಕು. ಗೊಂದಲ ಆದರೆ ಹೀಗೆ ನೆನಪಿಡಿ: ಸ್ಪ್ಯಾನರ್ ಹಿಡಿ ಮೇಲ್ಮುಖವಾಗಿರಲಿ, ಅದನ್ನು ಸೈಕಲ್ಲಿನ ಹಿಂದಿನ ಚಕ್ರದ ಕಡೆಗೆ ಎಳೆಯಿರಿ, ಎರಡೂ ಬಿಚ್ಚುತ್ತವೆ. ಹೆಚ್ಚಿನವಕ್ಕೆ 15 ಮಿಲಿಮೀಟರ್ ಸ್ಪ್ಯಾನರ್ ಸಾಕು. ತುಕ್ಕು ಹಿಡಿದು ಅಲ್ಲಾಡದಿದ್ದರೆ ಗುದ್ದಾಡಬೇಡಿ, ಸೈಕಲ್ ರಿಪೇರಿಯವರ ಹತ್ತಿರ ಒಯ್ದರೆ ಎರಡು ನಿಮಿಷದ ಕೆಲಸ.

ಟೈರಿಗೆ ಗಾಳಿ ಸರಿಯಾಗಿ ಇರಲಿ, ಎಷ್ಟು ಬೇಕು ಅಂತ ಟೈರಿನ ಪಕ್ಕದಲ್ಲೇ ಬರೆದಿರುತ್ತದೆ. ಗಾಳಿ ಕಡಿಮೆ ಇದ್ದರೆ ಸೈಕಲ್ ಉರುಳುವುದಿಲ್ಲ, ನೀವು ನಿಮ್ಮ ಮೇಲೇ ತಪ್ಪು ಹಾಕಿಕೊಳ್ಳುತ್ತೀರಿ. ತಲೆಗೆ ಹೆಲ್ಮೆಟ್ ಹಾಕಿ, ಹುಬ್ಬಿನ ಮೇಲೆ ಎರಡು ಬೆರಳು ಜಾಗ ಬಿಟ್ಟು ಹಣೆ ಮುಚ್ಚುವ ಹಾಗೆ. ಕೈಗೆ ಗ್ಲೌಸ್ ಇದ್ದರೆ ಇನ್ನೂ ಒಳ್ಳೆಯದು, ಬಿದ್ದಾಗ ಮೊದಲು ನೆಲಕ್ಕೆ ಹೋಗುವುದು ಅಂಗೈ ಅಲ್ವಾ? ಮುಚ್ಚಿದ ಶೂ ಇರಲಿ, ಲೇಸು ಒಳಗೆ ಸಿಕ್ಕಿಸಿ. ಇಳಿಬಿದ್ದ ಬಟ್ಟೆ, ಅಗಲ ಪ್ಯಾಂಟು ಚೈನಿಗೆ ಸಿಕ್ಕುತ್ತವೆ, ಬಲಗಾಲಿನ ಹತ್ತಿರ ಬಟ್ಟೆಯನ್ನು ಕಟ್ಟಿಕೊಳ್ಳಿ. ಮೂಳೆ ಸವೆತ, ತಲೆಸುತ್ತು, ಮಂಡಿ ಆಪರೇಷನ್ ಇಂಥದ್ದೇನಾದರೂ ಇದ್ದರೆ ಮೊದಲು ಡಾಕ್ಟರನ್ನು ಕೇಳಿ.

ಜಾಗ, ಮತ್ತು ನೋಡುವವರು

ಗಟ್ಟಿ ನೆಲ, ಖಾಲಿ ಜಾಗ, ಕಂಡೂ ಕಾಣದಷ್ಟು ಇಳಿಜಾರು. ಈ ಮೂರು ಸಿಕ್ಕರೆ ಅದೃಷ್ಟ. ಹುಲ್ಲಿನ ಮೇಲೆ ಬಿದ್ದರೆ ನೋವಾಗುವುದಿಲ್ಲ ಅಂತ ತುಂಬಾ ಜನ ಹುಲ್ಲಿಗೆ ಹೋಗುತ್ತಾರೆ, ಆದರೆ ದಟ್ಟ ಹುಲ್ಲು ಚಕ್ರವನ್ನು ಹಿಡಿಯುತ್ತದೆ, ವೇಗ ಬರುವುದಿಲ್ಲ, ವೇಗ ಇಲ್ಲದಿದ್ದರೆ ಬ್ಯಾಲೆನ್ಸ್ ಸಿಗುವುದಿಲ್ಲ.

ನಾಚಿಕೆ ಬಗ್ಗೆಯೂ ಹೇಳಲೇಬೇಕು. ನನಗೆ ಬಿದ್ದ ನೋವಿಗಿಂತ ಪಕ್ಕದಲ್ಲಿ ನಿಂತು ನೋಡುತ್ತಿದ್ದವರ ನೋಟ ಜಾಸ್ತಿ ನೋವು ಕೊಟ್ಟಿತ್ತು. ಬೆಳಗಿನ ಜಾವ ಹೋಗಿ, ಜನ ಕಡಿಮೆ ಇರುತ್ತಾರೆ. ಆಮೇಲೆ ಇದನ್ನೂ ತಿಳಿದುಕೊಳ್ಳಿ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ತಯಾರಿಸಿದ ರೋವರ್ ಸೈಕಲ್ ಬಂತು, ಒಂದೇ ಅಳತೆಯ ಹಾಗೆ ಕಾಣುವ ಎರಡು ಚಕ್ರ, ಹಿಂದಿನ ಚಕ್ರಕ್ಕೆ ಚೈನು. ಇವತ್ತಿನ ಸೈಕಲ್ಲಿನ ರೂಪ ಅದೇ. ಆಗ ಅದನ್ನು ಕಲಿತವರಲ್ಲಿ ಎಷ್ಟೋ ಜನ ದೊಡ್ಡವರೇ, ಯಾಕೆಂದರೆ ಅವರ ಬಾಲ್ಯದಲ್ಲಿ ಅಂಥದ್ದು ಇರಲೇ ಇಲ್ಲ. ಅಮೆರಿಕದ ಮಹಿಳಾ ಹಕ್ಕುಗಳ ಹೋರಾಟಗಾರ್ತಿ ಫ್ರಾನ್ಸೆಸ್ ವಿಲ್ಲಾರ್ಡ್ 53ನೇ ವಯಸ್ಸಿನಲ್ಲಿ ಕಲಿತರು. ರಷ್ಯಾದ ಸಾಹಿತಿ ಟಾಲ್‌ಸ್ಟಾಯ್ ಕಲಿತದ್ದು 65 ದಾಟಿದ ಮೇಲೆ. ಸೈಕಲ್ ಮಕ್ಕಳಾಗಿದ್ದಾಗಲೇ ಕಲಿಯಬೇಕಾದ್ದು ಅನ್ನುವುದು ಆಮೇಲೆ ಬಂದ ಮಾತು.

ಜೊತೆಗೆ ಯಾರಾದರೂ ಬರುವುದಾದರೆ ಬರಲಿ, ಆದರೆ ಅವರಿಗೆ ಮೊದಲೇ ಹೇಳಿಬಿಡಿ: ಹ್ಯಾಂಡಲ್ ಮುಟ್ಟಬಾರದು, ಸೀಟು ಹಿಡಿಯಬಾರದು. ಅವರು ಹಿಡಿದಷ್ಟು ಹೊತ್ತು ನಿಮ್ಮ ಮೈಗೆ ಬ್ಯಾಲೆನ್ಸಿನ ಸುದ್ದಿಯೇ ತಲುಪುವುದಿಲ್ಲ. ಅವರು ದೂರದಲ್ಲಿ ನಿಂತು, ನೀವು ಎಷ್ಟು ಹೊತ್ತು ಕಾಲೆತ್ತಿದಿರಿ ಅಂತ ಎಣಿಸಲಿ. ಅಷ್ಟೇ ಸಾಕು.

ಈಗ ಕಲಿಯೋಣ

ಮೊದಲ ದಿನ ಸೈಕಲ್ ಹತ್ತುವುದೇ ಬೇಡ. ಪಕ್ಕದಲ್ಲಿ ನಡೆಸಿಕೊಂಡು ಹೋಗಿ. ಎಡಕ್ಕೆ, ಬಲಕ್ಕೆ, ಎಂಟರ ಆಕಾರದಲ್ಲಿ ತಿರುಗಿಸಿ. ನಡೆಯುತ್ತಾ ಬ್ರೇಕ್ ಹಿಡಿದು ನೋಡಿ. ಯಾವ ಕೈಯ ಬ್ರೇಕ್ ಯಾವ ಚಕ್ರದ್ದು ಅಂತ ತಿಳಿದುಕೊಳ್ಳಿ, ಕೆಲವು ದೇಶಗಳಲ್ಲಿ ಮುಂದಿನದು ಬಲಗೈಗೆ ಇರುತ್ತದೆ, ಕೆಲವು ಕಡೆ ಎಡಗೈಗೆ. ಮುಂದಿನ ಬ್ರೇಕನ್ನು ಒಂದೇ ಸಲ ಜೋರಾಗಿ ಹಿಡಿದರೆ ಹಿಂದಿನ ಚಕ್ರ ಮೇಲೇಳುವುದನ್ನು ನಡೆಸುವಾಗಲೇ ನೋಡಬಹುದು. ಎರಡನ್ನೂ ಒಟ್ಟಿಗೆ, ಮೆಲ್ಲಗೆ ಹಿಂಡುವುದು ಈಗಲೇ ರೂಢಿಯಾಗಲಿ. ನಿಲ್ಲಿಸಲು ಬರುತ್ತದೆ ಅಂತ ಕೈಗೆ ಗೊತ್ತಾದರೆ ಮನಸ್ಸು ವೇಗಕ್ಕೆ ಹೆದರುವುದಿಲ್ಲ.

ಆಮೇಲೆ ಸೀಟಿನ ಮೇಲೆ ಕೂತು ನಡೆಯಿರಿ. ಸುಮ್ನೆ ನಡೆಯುವುದು, ಪೂರ್ತಿ ಭಾರ ಸೀಟಿನ ಮೇಲೆ. ಸೀಟಿನಿಂದ ಎದ್ದು ನಿಂತು ನಡೆದರೆ ಪ್ರಯೋಜನ ಇಲ್ಲ. ಹತ್ತು ನಿಮಿಷ ಆದ ಮೇಲೆ ಹೆಜ್ಜೆ ಉದ್ದ ಮಾಡಿ. ಮುಂದೆ ಎರಡು ಕಾಲನ್ನೂ ಒಟ್ಟಿಗೆ ಊರಿ ತಳ್ಳಿ, ಒಂದು ಸೆಕೆಂಡು ಕಾಲೆತ್ತಿ, ಮತ್ತೆ ಊರಿ. ಒಂದು ಎರಡಾಗುತ್ತದೆ, ಎರಡು ಮೂರಾಗುತ್ತದೆ. ಈ ಹಂತದಲ್ಲಿ ಅವಸರ ಮಾಡಬೇಡಿ, ದಯವಿಟ್ಟು. ಇಡೀ ಕಲಿಕೆ ಇರುವುದೇ ಇಲ್ಲಿ. ನಾನು ಮೂರು ದಿನ ಇದನ್ನೇ ಮಾಡಿದೆ, 61ರ ಆ ಅಕ್ಕ ಎಂಟು ದಿನ ಮಾಡಿದರು. ಇಬ್ಬರಿಗೂ ಕೊನೆಗೆ ಸಿಕ್ಕಿದ್ದು ಒಂದೇ.

ನೋಟ ಎಲ್ಲಿರಬೇಕು ಅನ್ನುವುದು ತುಂಬಾ ಮುಖ್ಯ. ಮುಂದಿನ ಚಕ್ರ ನೋಡಬೇಡಿ, ಹತ್ತು ಮೀಟರ್ ಮುಂದೆ ನೋಡಿ. ಕಣ್ಣು ಎಲ್ಲಿರುತ್ತದೋ ಸೈಕಲ್ ಅಲ್ಲಿಗೇ ಹೋಗುತ್ತದೆ. ದಾರಿಯಲ್ಲಿ ಒಂದು ಕಲ್ಲಿದ್ದರೆ, ಅದಕ್ಕೆ ಗುದ್ದಬಾರದು ಅಂತ ಅದನ್ನೇ ದಿಟ್ಟಿಸಿದರೆ ನೇರ ಅದಕ್ಕೇ ಹೋಗಿ ಗುದ್ದುತ್ತೀರಿ. ಕಲ್ಲಿನ ಪಕ್ಕದ ಖಾಲಿ ಜಾಗ ನೋಡಿ.

ಹೆದರಿಕೆಯಾದಾಗ ಭುಜ ಕಿವಿಯ ತನಕ ಏರಿರುತ್ತದೆ, ಉಸಿರು ಹಿಡಿದಿರುತ್ತೀರಿ, ನಿಮಗೆ ಗೊತ್ತೇ ಆಗುವುದಿಲ್ಲ. ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಮದ್ದು ಜೋರಾಗಿ ಎಣಿಸುವುದು ಅಥವಾ ಏನಾದರೂ ಹಾಡುವುದು. ಬಾಯಿ ಆಡುತ್ತಿದ್ದರೆ ಉಸಿರು ಕಟ್ಟುವುದಿಲ್ಲ, ಉಸಿರು ಆಡಿದರೆ ತೋಳು ಸಡಿಲವಾಗುತ್ತದೆ.

ಇನ್ನು ವೇಗ. ನಿಧಾನವಾಗಿ ಹೋದರೆ ಸುರಕ್ಷಿತ ಅಂತ ಅನಿಸುವುದು ಸಹಜ, ಆದರೆ ಸೈಕಲ್ಲಿನಲ್ಲಿ ಅದು ತಪ್ಪು ಲೆಕ್ಕ. ನಡಿಗೆಗಿಂತ ನಿಧಾನವಾಗಿ ಹೋಗುವಾಗ ಹ್ಯಾಂಡಲನ್ನು ದೊಡ್ಡ ದೊಡ್ಡದಾಗಿ ತಿರುಗಿಸಬೇಕಾಗುತ್ತದೆ, ಪಳಗಿದವರಿಗೂ ಅದು ಕಷ್ಟ. ಮೆಲ್ಲಗೆ ಓಡುವಷ್ಟು ವೇಗ ಬಂದರೆ ಚೂರು ತಿರುಗಿಸಿದರೂ ಸಾಕು. ಇನ್ನೂ ಸ್ವಲ್ಪ ಜೋರಾಗಿ ತಳ್ಳಿ, ನೀವೇ ವ್ಯತ್ಯಾಸ ನೋಡುತ್ತೀರಿ.

ಕಾಲೆತ್ತಿ ಎಂಟು ಹತ್ತು ಸೆಕೆಂಡು ಉರುಳಲು ಬಂದರೆ, ಕಾಲೆತ್ತಿಕೊಂಡೇ ಸ್ವಲ್ಪ ಎಡಕ್ಕೂ ಬಲಕ್ಕೂ ಹೋಗಲು ಬಂದರೆ, ಬ್ರೇಕ್ ಹಿಡಿದು ನಿಂತು ಆಮೇಲೆ ಕಾಲೂರಲು ಬಂದರೆ, ನಿಮಗೆ ಸೈಕಲ್ ಬಂತು. ಉಳಿದಿರುವುದು ಪೆಡಲ್.

ದಿನಕ್ಕೆ ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ ಸಾಕು. ಸುಸ್ತಾದ ಮೇಲೆ ಕಲಿಯುವುದು ಬರೀ ತಪ್ಪುಗಳನ್ನೇ. ನಿದ್ದೆ ಮಾಡಿ ಎದ್ದ ಮೇಲೆ ಹಿಂದಿನ ದಿನ ಬಾರದೇ ಇದ್ದದ್ದು ಸಲೀಸಾಗಿ ಬರುವುದನ್ನು ನಾನು ಎಲ್ಲರಲ್ಲೂ ನೋಡಿದ್ದೇನೆ. ಒಂದು ಸಲ ಚೆನ್ನಾಗಿ ಬಂತು ಅನಿಸಿದಾಗ ಆ ದಿನಕ್ಕೆ ನಿಲ್ಲಿಸಿಬಿಡಿ.

ಪೆಡಲ್ ಹಾಕಿದ ದಿನ

ಪೆಡಲ್ ಮೇಲೆ ಎಲ್ ಮತ್ತು ಆರ್ ಅಂತ ಅಕ್ಷರ ಇರುತ್ತದೆ, ಎಡ ಮತ್ತು ಬಲ. ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಸರಾಗವಾಗಿ ಒಳಗೆ ಹೋಗಬೇಕು. ಬಿಗಿಯಾದರೆ ಬಿಚ್ಚಿ ಮತ್ತೆ ಹಾಕಿ. ಬಲವಂತ ಮಾಡಿದರೆ ಮರೆ ಹಾಳಾಗುತ್ತದೆ. ಕೊನೆಗೆ ಸ್ಪ್ಯಾನರಿನಿಂದ ಬಿಗಿಮಾಡಿ. ಸೀಟು ಈಗಲೂ ಕೆಳಗೇ ಇರಲಿ. ಗೇರ್ ಇದ್ದರೆ ಹಗುರದ ಗೇರಿಗೆ ಹಾಕಿ, ತೀರಾ ಹಗುರವೂ ಬೇಡ, ಕಾಲು ಸುಮ್ನೆ ಗಿರಗಿರ ತಿರುಗಿ ಆಯ ತಪ್ಪುತ್ತದೆ.

ಹೊರಡುವುದು ಹೇಗೆ ಅಂತ ಕೇಳಿ. ಒಂದು ಕಾಲು ನೆಲದ ಮೇಲೆ. ಇನ್ನೊಂದು ಕಡೆಯ ಪೆಡಲನ್ನು ಪಾದದಿಂದ ಎತ್ತಿ ಮುಂದಕ್ಕೂ ಮೇಲಕ್ಕೂ ತನ್ನಿ, ಬಲಗಾಲಾದರೆ ಗಡಿಯಾರದಲ್ಲಿ ಎರಡು ಗಂಟೆಯ ಜಾಗಕ್ಕೆ. ಪೂರ್ತಿ ಮೇಲಿದ್ದರೆ ಒತ್ತಿದರೂ ಬಲ ಸಿಗುವುದಿಲ್ಲ, ಕೆಳಗಿದ್ದರೆ ಒತ್ತಲು ಜಾಗವೇ ಇರುವುದಿಲ್ಲ. ಬ್ರೇಕ್ ಹಿಡಿದು, ಮುಂದೆ ನೋಡಿ, ಉಸಿರು ಬಿಟ್ಟು, ಬ್ರೇಕ್ ಸಡಿಲಿಸಿ ಆ ಪೆಡಲನ್ನು ಗಟ್ಟಿಯಾಗಿ ಒತ್ತಿ. ಈ ಮೊದಲ ಒತ್ತಿಗೆ ಅಂಜಬೇಡಿ. ಅದು ಮೆತ್ತಗಾದರೆ ಸೈಕಲ್ ಮುಂದೆ ಹೋಗುವುದಿಲ್ಲ, ಪಕ್ಕಕ್ಕೆ ವಾಲುತ್ತದೆ. ಗಟ್ಟಿಯಾಗಿ ಒತ್ತಿದರೆ ಒಂದೆರಡು ಸೆಕೆಂಡು ಉರುಳುವಷ್ಟು ವೇಗ ಬರುತ್ತದೆ, ಮತ್ತು ಉರುಳುವುದು ನಿಮಗೆ ಈಗಾಗಲೇ ಬರುತ್ತದೆ. ಆ ಹೊತ್ತಿನಲ್ಲಿ ಇನ್ನೊಂದು ಕಾಲು ಪೆಡಲ್ ಹುಡುಕಿಕೊಳ್ಳಲಿ. ಕೆಳಗೆ ನೋಡಬೇಡಿ. ಸಿಗಲಿಲ್ಲವಾ, ಬ್ರೇಕ್ ಹಿಡಿದು ಕಾಲೂರಿ, ಮತ್ತೆ ಹೊರಡಿ. ನನಗೆ ಇದು ಇಪ್ಪತ್ತು ಸಲವಾದರೂ ತಪ್ಪಿತು. ಇಪ್ಪತ್ತೊಂದೋ ಇಪ್ಪತ್ತೆರಡೋ ಸಲಕ್ಕೆ ಎರಡೂ ಕಾಲು ಸಿಕ್ಕವು, ನಾಲ್ಕು ಸುತ್ತು ತುಳಿದೆ, ಗಾಳಿ ಮುಖಕ್ಕೆ ಬಡಿಯಿತು. ಆ ನಾಲ್ಕು ಸುತ್ತಿನ ಖುಷಿ ಇವತ್ತಿಗೂ ಮರೆತಿಲ್ಲ.

ತುಳಿಯುವಾಗ ಪಾದದ ಮುಂಭಾಗ ಪೆಡಲ್ ಮೇಲಿರಲಿ, ಪಾದದ ನಡು ಬೇಡ. ನಿಲ್ಲುವಾಗ ಮೊದಲು ಬ್ರೇಕ್, ಆಮೇಲೆ ಕಾಲು. ಹೊಸಬರು ಓಡುವ ಸೈಕಲ್ಲಿನಿಂದಲೇ ಕಾಲು ಚಾಚಿ ನೆಲ ಉಜ್ಜಿ ನಿಲ್ಲಿಸಲು ನೋಡುತ್ತಾರೆ, ಕಣಕಾಲು ಉಳುಕುತ್ತದೆ. ತಿರುವಿನಲ್ಲಿ ಒಳಗಡೆಯ ಪೆಡಲ್ ಮೇಲೆ ಇರಲಿ, ಇಲ್ಲದಿದ್ದರೆ ನೆಲಕ್ಕೆ ತಾಗಬಹುದು. ವೇಗ ತಗ್ಗಿಸುವುದು ತಿರುವಿಗೆ ಮೊದಲೇ, ತಿರುವಿನ ನಡುವೆ ಅಲ್ಲ.

ಅಂಗೈ, ಮುಂಗೈ, ಕೂರುವ ಜಾಗ ಮೊದಲ ವಾರ ನೋಯುತ್ತವೆ. ಕೈ ನೋಯುತ್ತಿದ್ದರೆ ಹಿಡಿತ ಇನ್ನೂ ಬಿಗಿ ಇದೆ ಅಂತ ಅರ್ಥ.

ಸೀಟು ಏರಿಸುವುದನ್ನು ಮಾತ್ರ ಮರೆಯಬೇಡಿ. ತಡವಾಗಿ ಕಲಿತವರು ಭಯಕ್ಕೆ ಸೀಟನ್ನು ಕೆಳಗೇ ಬಿಟ್ಟುಬಿಡುತ್ತಾರೆ, ಆಮೇಲೆ ಮಂಡಿ ನೋವು ಅಂತ ಸೈಕಲ್ಲನ್ನೇ ಬಿಡುತ್ತಾರೆ. ಎರಡು ದಿನಕ್ಕೊಮ್ಮೆ ಒಂದು ಸೆಂಟಿಮೀಟರ್ ಏರಿಸಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು, ಅಲ್ಲಿಗೆ ಸರಿಯಾದ ಎತ್ತರ. ಆಗ ಸೀಟಿನ ಮೇಲೆ ಕೂತು ಪಾದ ಪೂರ್ತಿ ಊರಲು ಆಗುವುದಿಲ್ಲ, ನಿಲ್ಲುವಾಗ ಸೀಟಿನಿಂದ ಮುಂದೆ ಇಳಿದು ನಿಲ್ಲಬೇಕು. ಇದನ್ನು ಬೇರೆಯಾಗಿ ಒಂದು ದಿನ ಅಭ್ಯಾಸ ಮಾಡಿ.

ರಸ್ತೆಗೆ ಇಳಿಯುವ ಮೊದಲು ನಾಲ್ಕು ಕೆಲಸ ಬರಬೇಕು. ಒಂದು ಮೀಟರ್ ಅಗಲದ ಎರಡು ಗೆರೆಗಳ ನಡುವೆ ನೇರ ಹೋಗಬೇಕು. ಹೇಳಿದ ಜಾಗದಲ್ಲಿ ನಿಲ್ಲಿಸಬೇಕು. ಒಂದು ಕೈ ಬಿಟ್ಟು ಕೈ ತೋರಿಸಬೇಕು. ನಾಲ್ಕನೆಯದು ಎಲ್ಲಕ್ಕಿಂತ ಕಷ್ಟ: ತಲೆ ಹಿಂದೆ ತಿರುಗಿಸಿ ಯಾರು ಬರುತ್ತಿದ್ದಾರೆ ಅಂತ ನೋಡುವಾಗಲೂ ಸೈಕಲ್ ಗೆರೆ ತಪ್ಪಬಾರದು. ತಲೆ ತಿರುಗಿದ ಕಡೆಗೇ ಕೈಯೂ ಎಳೆಯುತ್ತದೆ. ಅದಕ್ಕೆ ಮೊದಲು ಗಲ್ಲವನ್ನು ಭುಜದ ತನಕ ಮಾತ್ರ ತಿರುಗಿಸಿ ಅಭ್ಯಾಸ ಮಾಡಿ, ಆಮೇಲೆ ಸ್ವಲ್ಪ ಸ್ವಲ್ಪ ಹಿಂದಕ್ಕೆ. ಜೊತೆಗೆ ಬಂದವರು ಹಿಂದೆ ನಿಂತು ಬೆರಳು ತೋರಿಸಲಿ, ನೀವು ಓಡಿಸುತ್ತಲೇ ತಿರುಗಿ ನೋಡಿ ಎಷ್ಟು ಬೆರಳು ಅಂತ ಹೇಳಿ. ಹತ್ತಕ್ಕೆ ಹತ್ತೂ ಸರಿಯಾಗಿ ಹೇಳಿ ಗೆರೆಯೊಳಗೇ ಉಳಿದ ದಿನ, ವಾಹನ ಕಡಿಮೆ ಇರುವ ರಸ್ತೆ ಹುಡುಕಿ ಹೊರಡಿ.